ಸುರಾಹಿ ನೋಡೋಕೆ ಹೆಗೆಲ್ ಬೇಕೇ?

ಪ್ರಶ್ನೆ ಇಷ್ಟೇ: ಕಲೆಯನ್ನು ನೋಡಿ ಸವಿಯಲು, ಜರ್ಮನ್ ತತ್ವಜ್ಞಾನಿ ಹೆಗೆಲ್‌ನಂಥವರು ಕಟ್ಟಿದ ಕಲಾ ಇತಿಹಾಸದ ತತ್ವಗಳು ಬೇಕೇ? ಬೇಕು ಅನ್ನುವವರು ಕಲಬುರಗಿಯಲ್ಲಿ ಕಲಾ ಇತಿಹಾಸ ಪಾಠ ಮಾಡುವ ಮೇಷ್ಟ್ರು. ಬೇಡ ಅನ್ನುವವರು ಅವರದೇ ಹಳೆಯ ವಿದ್ಯಾರ್ಥಿನಿ, ಈಗ ಬೀದರಿನಲ್ಲಿ ಹೈಸ್ಕೂಲ್ ಡ್ರಾಯಿಂಗ್ ಟೀಚರ್. ಇಬ್ಬರ ಜಗಳ ಇನ್ನೂ ಮುಗಿದಿಲ್ಲ.

ಪರ: ಬರಿಗಣ್ಣು ಅನ್ನೋದು ಇಲ್ಲ

ಕಲಬುರಗಿಯಿಂದ ಸುರಪುರದ ಕಡೆ ಹೋಗುವ ಬಸ್ಸು ಶಹಾಪುರದ ಹತ್ತಿರ ಬಂತು ಅಂದರೆ ಕಿಟಕಿ ಪಕ್ಕ ಕೂತವರು ಬೆಟ್ಟದ ಕಡೆ ಕೈ ಮಾಡುತ್ತಾರೆ. 'ಅಲ್ಲಿ ನೋಡ್ರಿ, ಬುದ್ಧ ಮಲಗ್ಯಾನ.' ಹಣೆ, ಮೂಗು, ಗದ್ದ, ಎದೆ ಎಲ್ಲ ಸಾಲಾಗಿ ಕಾಣುತ್ತವೆ. ಯಾರೂ ಕೆತ್ತಿದ್ದಲ್ಲ. ಗುಡ್ಡಗಳು ಹಾಗೆ ಬಿದ್ದುಕೊಂಡಿವೆ, ಅಷ್ಟೇ. ಹೋದ ಸಲ ಮುಂದಿನ ಸೀಟಿನಲ್ಲಿ ಐದು ವರ್ಷದ ಒಬ್ಬ ಹುಡುಗ ಇದ್ದ. ತಾಯಿ ಬುದ್ಧನನ್ನು ತೋರಿಸಿದಳು. ಹುಡುಗ ಸ್ವಲ್ಪ ಹೊತ್ತು ನೋಡಿ 'ಅಜ್ಜ ಮಲಗ್ಯಾನ' ಅಂದ. ಬಸ್ಸಿನಲ್ಲಿ ಎಲ್ಲರೂ ನಕ್ಕರು. ನನಗೆ ಮಾತ್ರ ಮರುದಿನದ ಪಾಠ ಅಲ್ಲೇ ಸಿಕ್ಕಿಬಿಟ್ಟಿತು.

ಬೆಟ್ಟ ಒಂದೇ. ತಾಯಿಯ ತಲೆಯಲ್ಲಿ ಬುದ್ಧನ ಚಿತ್ರ ಮೊದಲೇ ಇತ್ತು, ಅದಕ್ಕೇ ಬುದ್ಧ ಕಂಡ. ಹುಡುಗನ ತಲೆಯಲ್ಲಿ ಮಧ್ಯಾಹ್ನ ಪಡಸಾಲೆಯಲ್ಲಿ ಅಂಗಾತ ಮಲಗುವ ಅಜ್ಜ ಇದ್ದ. ನನ್ನ ವಿದ್ಯಾರ್ಥಿಗಳು ವರ್ಷಾ ವರ್ಷಾ ಕೇಳುವ ಪ್ರಶ್ನೆ ಒಂದಿದೆ: 'ಸರ್, ಸುಮ್ನೆ ನೋಡಿದರೆ ಸಾಲದಾ? ಈ ಹೆಗೆಲ್, ರೀಗ್ಲ್ ಎಲ್ಲ ಯಾಕೆ?' ಸುಮ್ನೆ ನೋಡೋಕೆ ಯಾರಿಗೂ ಬರಲ್ಲಪ್ಪ, ಅದೇ ತೊಂದರೆ.

ತತ್ವ ಗೊತ್ತಿಲ್ಲ ಅನ್ನುವವರ ಬಾಯಲ್ಲೇ ತತ್ವ ಜಾಸ್ತಿ ಇರುತ್ತದೆ. ಚಿತ್ರ ನೋಡಿ 'ಫೋಟೋ ಇದ್ದಂಗೇ ಇದೆ' ಅಂತ ಹೊಗಳುತ್ತೀರಲ್ಲ, ಅದು ಇಟಲಿಯ ವಸಾರಿ 1550ರಲ್ಲಿ ಬರೆದ ಕಲಾವಿದರ ಜೀವನಚರಿತ್ರೆಗಳ ಮಾತು. ಅವನ ಪ್ರಕಾರ ಕಲೆಗೆ ಬಾಲ್ಯ, ಯೌವನ, ಪ್ರೌಢ ವಯಸ್ಸು ಇವೆ. ನಿಜದಂತೆ ಬರೆಯುವುದನ್ನು ಜೊತ್ತೊ ಶುರು ಮಾಡಿದ, ಮೈಕೆಲಾಂಜೆಲೊ ತುದಿಗೆ ಮುಟ್ಟಿಸಿದ. 'ಹಿಂದಿನವರ ಕೈಚಳಕ ಈಗೆಲ್ಲಿ, ಈಗೆಲ್ಲ ಗೀಚಾಟ' ಅಂದರೆ ಅದು ಜರ್ಮನ್ ಪಂಡಿತ ವಿಂಕೆಲ್‌ಮನ್. 1764ರಲ್ಲಿ ಪ್ರಾಚೀನ ಕಲೆಯ ಇತಿಹಾಸ ಬರೆದು ಗ್ರೀಕರೇ ಶಿಖರ ಅಂದ. ಅವನು ಗ್ರೀಸಿಗೆ ಕಾಲಿಟ್ಟವನೇ ಅಲ್ಲ, ನೋಡಿದ್ದು ಬಹುಪಾಲು ರೋಮಿನ ನಕಲುಗಳು ಅನ್ನೋದು ಬೇರೆ ಮಾತು. 'ಚಂದ ಇರೋದನ್ನ ನೋಡು, ಅದರಿಂದ ಏನು ಲಾಭ ಅಂತ ಕೇಳಬೇಡ' ಅಂದರೆ 1790ರ ಜರ್ಮನ್ ತತ್ವಜ್ಞಾನಿ ಕಾಂಟ್ ಮಾತಾಡಿದಂತೆ. 'ಈ ಚಿತ್ರದಲ್ಲಿ ನಮ್ಮ ಕಾಲವೇ ಕಾಣ್ತದೆ' ಅಂದರೆ ಹೆಗೆಲ್. ಮಾತಿನಲ್ಲಿ ರಾಗ ಇರೋದು ಧಾರವಾಡದವರಿಗೆ, ಮೈಸೂರಿನವರಿಗೆ. ನಮ್ಮದು ನೆಟ್ಟಗಿದೆ ಅಂತ ಕಲಬುರಗಿಯವರು ತಿಳಿದುಕೊಂಡಿಲ್ಲವೇ? ಹಾಗೇ ಇದು.

ಹೆಗೆಲ್ ಹತ್ತಿರ ಸ್ವಲ್ಪ ನಿಲ್ಲುತ್ತೇನೆ, ಜಗಳ ಶುರುವಾಗಿದ್ದೇ ಅವನಿಂದ. 1820ರ ದಶಕದಲ್ಲಿ ಬರ್ಲಿನ್ನಿನಲ್ಲಿ ಸೌಂದರ್ಯದ ಬಗ್ಗೆ ಪಾಠ ಮಾಡಿದ. 1831ರಲ್ಲಿ ಸತ್ತ ಮೇಲೆ ಅವನ ಶಿಷ್ಯ ಆ ಪಾಠಗಳನ್ನು ಜೋಡಿಸಿ ಪುಸ್ತಕ ಮಾಡಿದ. ಹೆಗೆಲ್ ಹೇಳುವುದು ಇಷ್ಟು: ಮನುಷ್ಯನ ಚೈತನ್ಯ ತನ್ನನ್ನು ತಾನು ತಿಳಿದುಕೊಳ್ಳಲು ಹೊರಟಿದೆ, ಕಲೆ ಆ ದಾರಿಯ ಒಂದು ನಿಲ್ದಾಣ. ಮೊದಲು ಭಾರ ಜಾಸ್ತಿ, ಅರ್ಥ ಮಸುಕು: ಈಜಿಪ್ಟಿನ, ಭಾರತದ ಕಲ್ಲು. ಆಮೇಲೆ ಗ್ರೀಕರ ಮೂರ್ತಿ, ಅಲ್ಲಿ ಅರ್ಥಕ್ಕೂ ಆಕಾರಕ್ಕೂ ಸರಿಸಮ ಜೋಡಿ. ಆಮೇಲೆ ಕ್ರೈಸ್ತ ಯುರೋಪಿನ ಚಿತ್ರ, ಸಂಗೀತ, ಕಾವ್ಯ. ಒಳಗಿನ ಭಾವ ಬೆಳೆದು ಕಲ್ಲು ಸಾಲದಾಯಿತು. ಕೊನೆಗೆ ಕಲೆಯೇ ಸಾಲದೆ ಆ ಕೆಲಸ ವಿಚಾರಕ್ಕೆ ದಾಟಿತು. ಅತಿ ಎತ್ತರದ ಅರ್ಥದಲ್ಲಿ ಕಲೆ ನಮಗೆ ಮುಗಿದುಹೋದ ಸಂಗತಿ ಅಂದುಬಿಟ್ಟ.

ಭಾರತವನ್ನು ಕೆಳಗಿನ ಮೆಟ್ಟಿಲಲ್ಲಿ ಕೂಡಿಸಿದ್ದು ತಪ್ಪು, ಒಪ್ಪುತ್ತೇನೆ. ಆದರೆ ಅವನ ಪ್ರಶ್ನೆ ನಮ್ಮದೇ. ಇಲ್ಲಿಂದ ಬಸ್ಸು ಹಿಡಿದರೆ ಮಧ್ಯಾಹ್ನದೊಳಗೆ ಮುಟ್ಟುವ ಬಸವಕಲ್ಯಾಣದಲ್ಲಿ, ಹೆಗೆಲ್‌ಗಿಂತ ಆರೂವರೆ ಶತಮಾನ ಮೊದಲು, 'ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಶವಯ್ಯಾ' ಅಂದರು ಬಸವಣ್ಣ. ಕಲ್ಲಿನ ಗುಡಿ ಸಾಲದು, ಒಳಗಿನದು ಕಲ್ಲಿಗಿಂತ ದೊಡ್ಡದು ಅನ್ನುವ ಮಾತು. ಅದನ್ನು ಹೇಳಲು ಉಳಿ ಹಿಡಿಯಲಿಲ್ಲ, ವಚನ ಹಿಡಿದರು. ಹೆಗೆಲ್‌ನ ಪಟ್ಟಿಯಲ್ಲೂ ಎಲ್ಲಕ್ಕಿಂತ ಹಗುರ, ಎಲ್ಲಕ್ಕಿಂತ ಮೇಲೆ ಇರೋದು ಕಾವ್ಯ. (ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂಡಿಸಿದ್ದಕ್ಕೆ ಎರಡೂ ಕಡೆಯವರು ಬೈಯಬಹುದು. ಬೈಯಲಿ.) ಹೆಗೆಲ್ ಓದಿದ ಮೇಲೆ ನನಗೆ ಆ ವಚನ ಇನ್ನೊಂದು ಸಲ ಹೊಸದಾಗಿ ಕೇಳಿಸಿತು. ಒಂದು ತತ್ವದಿಂದ ನಾನು ಕೇಳುವುದು ಇಷ್ಟೇ.

ಇನ್ನು ರೀಗ್ಲ್. ಇವನೆಂದರೆ ನನಗೆ ಪ್ರೀತಿ. ವಿಯೆನ್ನಾದ ಮ್ಯೂಸಿಯಮ್ಮಿನಲ್ಲಿ ಬಟ್ಟೆ, ರತ್ನಗಂಬಳಿಗಳ ವಿಭಾಗ ನೋಡಿಕೊಳ್ಳುತ್ತಿದ್ದ ಮನುಷ್ಯ. ಕಲಾ ಇತಿಹಾಸ ಅಂದರೆ ಚರ್ಚಿನ ಚಿತ್ರ, ಅಮೃತಶಿಲೆಯ ಮೂರ್ತಿ ಅಂತ ಉಳಿದವರು ಬರೆಯುತ್ತಿದ್ದಾಗ ಇವನು ಬಳ್ಳಿಯ ಹಿಂದೆ ಬಿದ್ದ. ಅಂಚಿನ ಬಳ್ಳಿ, ಎಲೆ, ಸುರುಳಿ ಬರೀ ಅಲಂಕಾರ, ನೇಯ್ಗೆಯಿಂದಲೋ ಬುಟ್ಟಿ ಹೆಣಿಗೆಯಿಂದಲೋ ತಾನಾಗಿ ಬಂದದ್ದು ಅಂತ ಜನ ನಂಬಿದ್ದರು. ರೀಗ್ಲ್ 1893ರಲ್ಲಿ ಬರೆದ ಪುಸ್ತಕದಲ್ಲಿ ಈಜಿಪ್ಟಿನ ಕಮಲದಿಂದ ಗ್ರೀಕರ ಎಲೆಗೆ, ಅಲ್ಲಿಂದ ಇಸ್ಲಾಮಿ ಬಳ್ಳಿಗೆ ಒಂದೇ ದಾರ ಎಳೆದು ತೋರಿಸಿದ. ಹೂಬಳ್ಳಿಗೂ ಇತಿಹಾಸ ಇದೆ, ಅದರ ಹಿಂದೆ ಮಾಡುವವರ ಹಂಬಲ ಇದೆ ಅಂದ. ಬರೀ ಸಾಮಾನು, ಉಪಕರಣ ಹೇಳಿದಂತೆ ಕೈ ಕುಣಿಯೋದಿಲ್ಲ. 1901ರಲ್ಲಿ ಇನ್ನೂ ಮುಂದೆ ಹೋಗಿ, ರೋಮಿನ ಕೊನೆಗಾಲದ ಬೆಲ್ಟಿನ ಬಕಲ್ಲುಗಳನ್ನು ಹರಡಿ ಕೂತ. ಕಲೆ ಕೆಟ್ಟುಹೋದ ಕಾಲ ಅಂತ ಎಲ್ಲರೂ ಮೂಗು ಮುರಿಯುತ್ತಿದ್ದ ಕಾಲ ಅದು. ಕೆಟ್ಟಿಲ್ಲ, ಅವರಿಗೆ ಬೇಕಾಗಿದ್ದೇ ಬೇರೆ ಅಂದ.

ಇದನ್ನು ತಲೆಯಲ್ಲಿಟ್ಟುಕೊಂಡು ಬೀದರಿನ ಮಹಮೂದ್ ಗವಾನ್ ಮದರಸಾ ಮುಂದೆ ನಿಲ್ಲಿ. 1472ರಲ್ಲಿ ಕಟ್ಟಿದ್ದು. 1696ರಲ್ಲಿ ಮದ್ದು ಸಿಡಿದು ಮುಂಭಾಗದ ಒಂದು ಪಾಲು ಹಾರಿಹೋಗಿದೆ. ಉಳಿದ ಗೋಡೆಯಲ್ಲಿ, ಉಳಿದೊಂದು ಮಿನಾರಿನಲ್ಲಿ ಬಣ್ಣದ ಹೆಂಚು ಇನ್ನೂ ಅಲ್ಲಲ್ಲಿ ಅಂಟಿಕೊಂಡಿದೆ. ಆ ಹೆಂಚಿನ ಬಳ್ಳಿ ನೋಡಿ. ಆಮೇಲೆ ಊರೊಳಗೆ ನಡೆದು ಬಿದ್ರಿ ಅಂಗಡಿಯಲ್ಲಿ ಒಂದು ಸುರಾಹಿ, ಅಂದರೆ ಉದ್ದ ಕುತ್ತಿಗೆಯ ಹೂಜಿ, ಕೈಗೆತ್ತಿಕೊಳ್ಳಿ. ಬಳ್ಳಿ ಗೋಡೆಯಿಂದ ಇಳಿದು ಬಂದು ಕಪ್ಪು ಲೋಹದ ಮೇಲೆ ಬೆಳ್ಳಿಯಾಗಿ ಕೂತಂತೆ ಇರುತ್ತದೆ. ರೀಗ್ಲ್ ಇಲ್ಲದಿದ್ದರೆ ನಾನು ಅದನ್ನು 'ಒಳ್ಳೆ ಡಿಸೈನ್' ಅಂತ ಹೇಳಿ ಕೆಳಗಿಡುತ್ತಿದ್ದೆ. ಮ್ಯೂಸಿಯಮ್ಮಿಗೆ ಹೋದರೆ ಹುಕ್ಕಾ ಬುಡ, ಪಾನ್‌ದಾನ್‌ಗಳನ್ನು ಗಾಜಿನ ಹಿಂದೆ ಇಟ್ಟಿರುತ್ತಾರಲ್ಲ, ಬಳಸುವ ಸಾಮಾನಿಗೆ ಆ ಜಾಗ ಸಿಗಲು ಇಂಥ ವಿಚಾರಗಳ ಕೈವಾಡವೂ ಇದೆ.

ಜಲಸಂಗಿ ಇನ್ನೊಂದು. ಹುಮನಾಬಾದ್ ತಾಲೂಕಿನ ಆ ಗುಡಿಗೆ ಹೋದವರು ಗೋಡೆಯ ಶಿಲಾಬಾಲಿಕೆಯರ ಮೈಮಾಟ ನೋಡಿ ಫೋಟೋ ಹೊಡೆದುಕೊಂಡು ಬರುತ್ತಾರೆ. ಅವರಲ್ಲಿ ಒಬ್ಬಳು ಬರೆಯುತ್ತಿದ್ದಾಳೆ. ಕಲ್ಲಿನ ಹೆಣ್ಣು ಕಲ್ಲಿನ ಮೇಲೆ ಚಾಲುಕ್ಯ ವಿಕ್ರಮಾದಿತ್ಯನನ್ನು ಹೊಗಳುವ ಶಾಸನ ಬರೆಯುತ್ತಿದ್ದಾಳೆ! ಕಲಾ ಇತಿಹಾಸಕಾರ ಪನೋಫ್‌ಸ್ಕಿ 1939ರಲ್ಲಿ ಒಂದು ಸರಳ ಉದಾಹರಣೆ ಕೊಟ್ಟ: ಬೀದಿಯಲ್ಲಿ ಒಬ್ಬ ಟೋಪಿ ಎತ್ತಿದರೆ ಅದು ಬರೀ ಕೈ ಚಲನೆ ಅಲ್ಲ, ಅದು ನಮಸ್ಕಾರ, ಅದರ ಹಿಂದೆ ಒಂದು ಲೋಕವೇ ಇದೆ. ಆಕಾರ ನೋಡು, ಅರ್ಥ ಕೇಳು, ಆಮೇಲೆ ಆ ಅರ್ಥ ಹುಟ್ಟಿದ ಕಾಲವನ್ನು ಕೇಳು. ಈ ಮೂರು ಗೊತ್ತಿದ್ದವರು ಜಲಸಂಗಿಯಲ್ಲಿ ಅರ್ಧ ಗಂಟೆ ಜಾಸ್ತಿ ನಿಲ್ಲುತ್ತಾರೆ, ಅಷ್ಟು ಸಾಕು.

ತತ್ವ ಪರದೇಶದ ಸರಕು ಅನ್ನುವವರಿಗೆ ನಮ್ಮ ಜಿಲ್ಲೆಯ ಉತ್ತರ ಮಳಖೇಡದಲ್ಲಿದೆ. ಸೇಡಂ ದಾರಿಯಲ್ಲಿ ಕಾಗಿಣಾ ದಂಡೆಯ ಊರು, ರಾಷ್ಟ್ರಕೂಟರ ರಾಜಧಾನಿ. ಅಲ್ಲಿ ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷನ ಆಸ್ಥಾನದಲ್ಲಿ ಶ್ರೀವಿಜಯ ಬರೆದ ಕವಿರಾಜಮಾರ್ಗವೇ ಇವತ್ತು ನಮಗೆ ಸಿಕ್ಕಿರುವ ಕನ್ನಡದ ಮೊದಲ ಪುಸ್ತಕ. ಅದು ಕಥೆಯಲ್ಲ, ಕಾವ್ಯವೂ ಅಲ್ಲ. ಕಾವ್ಯ ಹೇಗಿರಬೇಕು, ಯಾವುದು ಗುಣ, ಯಾವುದು ದೋಷ ಅಂತ ಹೇಳುವ ಪುಸ್ತಕ. ಅಂದರೆ ಕನ್ನಡದ ಕೈಗೆ ಸಿಕ್ಕ ಮೊದಲ ಹೊತ್ತಿಗೆಯೇ ತತ್ವದ್ದು! ಸಂಸ್ಕೃತದ ದಂಡಿಯಿಂದ ಬೇಕಾದ್ದು ತೆಗೆದುಕೊಂಡು, ತನ್ನ ನಾಡಿಗೆ ಒಗ್ಗುವಂತೆ ತಿದ್ದಿಕೊಂಡಿದ್ದಾನೆ. ನಾನು ರೀಗ್ಲ್‌ನ ಜೊತೆ ಮಾಡುತ್ತಿರುವುದೂ ಅದನ್ನೇ.

ಸನ್ನತಿಯ ಕಲ್ಲಿನ ಮಾತು ಹೇಳಿ ಮುಗಿಸುತ್ತೇನೆ. ಭೀಮಾ ದಂಡೆಯ ಆ ಊರಲ್ಲಿ 1986ರಲ್ಲಿ ಹಳೆಯ ಕಾಳಿ ಗುಡಿಯ ಚಾವಣಿ ಕುಸಿಯಿತು. ದೇವಿಯ ಮೂರ್ತಿ ನಿಂತಿದ್ದ ಪೀಠದ ಕಲ್ಲು ಹೊರಬಂತು. ಮೂರ್ತಿ ಸಿಗಿಸಲು ನಡುವೆ ತೂತು ಕೊರೆದಿದ್ದರು. ಆ ಕಲ್ಲಿನ ಮೇಲಿದ್ದದ್ದು ಅಶೋಕನ ಶಾಸನ. ಎಷ್ಟೋ ತಲೆಮಾರು ಭಕ್ತರು ಅದರ ಮುಂದೆ ಕೈಮುಗಿದಿದ್ದಾರೆ, ಪೂಜಾರಿಗಳು ದಿನಾ ನೀರು ಹಾಕಿ ತೊಳೆದಿದ್ದಾರೆ. ಅವರ ಕಣ್ಣೇನು ಮಂಜಾಗಿರಲಿಲ್ಲ. ಓದುವವನು ಬರುವ ತನಕ ಅದು ಪೀಠ ಮಾತ್ರ ಆಗಿತ್ತು. ನನ್ನ ಶಿಷ್ಯೆ ಇದಕ್ಕೆ ಏನು ಬರೆಯುತ್ತಾಳೆ ಅಂತ ನನಗೆ ಗೊತ್ತು. ಅವಳ ಮಾಮೂನನ್ನು ಕರೆದುಕೊಂಡು ಬರುತ್ತಾಳೆ.

ವಿರೋಧ: ನಾಲಿಗೆ ಮೇಲಿನ ಮಣ್ಣು

ಹೌದು ಸರ್, ಮಾಮೂನನ್ನೇ ಕರೆದುಕೊಂಡು ಬಂದಿದ್ದೇನೆ.

ನನ್ನ ಮಾಮೂ ಬೀದರಿನಲ್ಲಿ ಬಿದ್ರಿ ಕೆಲಸ ಮಾಡುತ್ತಾರೆ, ಅವರ ಅಬ್ಬಾನೂ ಮಾಡುತ್ತಿದ್ದರು. ಕೋಟೆಯ ಮಣ್ಣು ತಂದವರು ಚೀಲ ಬಿಚ್ಚಿದ ತಕ್ಷಣ ಮಾಮೂ ಒಂದು ಚಿಟಿಕೆ ತೆಗೆದು ನಾಲಿಗೆ ಮೇಲೆ ಇಟ್ಟುಕೊಳ್ಳುತ್ತಾರೆ. ಎರಡು ಕ್ಷಣ ಸುಮ್ಮನೆ ಕೂರುತ್ತಾರೆ. ಆಮೇಲೆ ಉಗುಳಿ 'ನಡೀತದ' ಅಂತಾರೆ, ಇಲ್ಲ ಅಂದರೆ ಚೀಲ ವಾಪಸ್. ಮಳೆ, ಬಿಸಿಲು ಬೀಳದ ಜಾಗದ ಮಣ್ಣೇ ಬೇಕು. ಆ ರುಚಿ ಹೇಗಿರಬೇಕು ಅಂತ ಚಿಕ್ಕವಳಿದ್ದಾಗ ಕೇಳಿದ್ದೆ. 'ತಿಂದು ನೋಡು' ಅಂದರು. ತಿಂದೆ. ಮಣ್ಣಿನ ರುಚಿ ಇತ್ತು. ಅವರು ನಕ್ಕರು.

ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ, ಸರ್ ಅದನ್ನು ಬಿಟ್ಟಿದ್ದಾರೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಕರಗಿಸುತ್ತಾರೆ. ಮಣ್ಣಿನ ಅಚ್ಚಿನಲ್ಲಿ ಸುರಿದು ಸುರಾಹಿಯೋ ಡಬ್ಬಿಯೋ ಎರಕ ಹೊಯ್ಯುತ್ತಾರೆ. ಅರ ಹಾಕಿ ಉಜ್ಜಿ ನುಣುಪು ಮಾಡಿದ ಮೇಲೆ ಮೈಲುತುತ್ತದ ನೀರು ಸವರಿದರೆ ಲೋಹ ಸದ್ಯಕ್ಕೆ ಕಪ್ಪಾಗುತ್ತದೆ, ಗೀಟು ಎದ್ದು ಕಾಣಲಿ ಅಂತ. ಆಮೇಲೆ ಚೂಪಾದ ಉಳಿ. ಕಾಗದ ಇಲ್ಲ, ಟ್ರೇಸಿಂಗ್ ಇಲ್ಲ, ಕೈಯಲ್ಲೇ ಬಳ್ಳಿ ನಡೆಯುತ್ತದೆ. ಗೀಟಿನೊಳಗೆ ಬೆಳ್ಳಿ ತಂತಿ ಕೂರಿಸಿ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾರೆ. ಟಿಕ್ ಟಿಕ್ ಅಂತ ಇಡೀ ಮಧ್ಯಾಹ್ನ ಅದೇ ಸದ್ದು. ಮತ್ತೆ ಉಜ್ಜಿದರೆ ಬೆಳ್ಳಿಯೂ ಲೋಹವೂ ಒಂದೇ ಬೂದು ಬಣ್ಣ, ಡಿಸೈನ್ ಮಾಯ! ಕೊನೆಗೆ ಬಿಸಿ ಮಾಡಿ, ಕೋಟೆ ಮಣ್ಣಿಗೆ ನವಸಾಗರ ಕಲಸಿ ಬಳಿದು ಉಜ್ಜುತ್ತಾರೆ. ತೊಳೆದಾಗ ಲೋಹ ಕಾಡಿಗೆ ಕಪ್ಪು, ಬೆಳ್ಳಿ ಮಾತ್ರ ಬಿಳಿ. ಎಷ್ಟು ಸಲ ನೋಡಿದರೂ ಆ ಒಂದು ಕ್ಷಣಕ್ಕೆ ನಾನು ಉಸಿರು ಬಿಗಿಹಿಡಿಯುತ್ತೇನೆ. ಆಗ ನನ್ನ ತಲೆಯಲ್ಲಿ ಯಾವ ಜರ್ಮನ್ ಹೆಸರೂ ಇರೋದಿಲ್ಲ.

ಸರ್ ಹೇಳುತ್ತಾರೆ, ಬರಿಗಣ್ಣು ಇಲ್ಲ ಅಂತ. ಒಪ್ಪಿದೆ. ಆದರೆ ಕಣ್ಣು ತುಂಬುವುದು ಪುಸ್ತಕದಿಂದಲೇ ಅಂತ ಯಾರು ಹೇಳಿದರು? ಆ ಬಸ್ಸಿನ ಹುಡುಗನಿಗೆ ಅಜ್ಜ ಕಂಡಿದ್ದು ಯಾವ ಸಿದ್ಧಾಂತದಿಂದ? ಪಡಸಾಲೆಯಿಂದ. ಮಾಮೂನ ಕಣ್ಣು ತುಂಬಿದ್ದು ಅವರ ಅಬ್ಬಾನ ಪಕ್ಕ ಕೂತು. ಅದನ್ನೂ ತತ್ವ ಅನ್ನೋದಾದರೆ ಎಲ್ಲವೂ ತತ್ವವೇ ಆಯಿತು, ಆಗ ಜಗಳವೇ ಇಲ್ಲ. ನನ್ನ ತಕರಾರು ಕಲೆಗೆ 'ಮುಂದೆ' 'ಹಿಂದೆ' ಅಂತ ಕಥೆ ಕಟ್ಟಿ, ಆ ಕಥೆಯಲ್ಲಿ ಯಾರು ಎಲ್ಲಿ ಕೂರಬೇಕು ಅಂತ ಹೇಳುವ ತತ್ವಗಳ ಮೇಲೆ.

ಹೆಗೆಲ್ ಭಾರತಕ್ಕೆ ಬಂದವನಲ್ಲ. ಬಹಳ ಕೈಗಳ ದೇವರುಗಳ ಬಗ್ಗೆ ಓದಿ, ಅಳತೆ ತಪ್ಪಿದ ಕಲ್ಪನೆ ಅಂದ. ಸರ್ ಇದನ್ನು 'ತಪ್ಪು, ಒಪ್ಪುತ್ತೇನೆ' ಅಂತ ಒಂದು ಸಾಲಿನಲ್ಲಿ ದಾಟಿದರು. ಆದರೆ ಕೆಳಗಿನ ಮೆಟ್ಟಿಲು ಇಲ್ಲದೆ ಮೇಲಿನ ಮೆಟ್ಟಿಲು ನಿಲ್ಲುತ್ತದಾ? ನಾವು ಕೆಳಗೆ ಇದ್ದರೇ ಅವನ ಏಣಿ. ಅವನ ನಂತರ ನಮ್ಮ ಕಟ್ಟಡಗಳ ಇತಿಹಾಸ ಬರೆದ ಬ್ರಿಟಿಷ್ ಸಾಹೇಬ ಫರ್ಗುಸನ್ ಬಂದ. ನಮ್ಮ ಶಿಲ್ಪದ ಇತಿಹಾಸ ಅಂದರೆ ಇಳಿಯುತ್ತಾ ಬಂದ ಇತಿಹಾಸ ಅಂದ. ಬರ್ಡ್‌ವುಡ್ ಅಂತ ಒಬ್ಬ ಸಾಹೇಬ ಇದ್ದ. ಭಾರತದ ಕೈಗಾರಿಕಾ ಕಲೆಗಳ ಬಗ್ಗೆ 1880ರಲ್ಲಿ ದೊಡ್ಡ ಪುಸ್ತಕ ಬರೆದ. ನಮ್ಮ ಬಿದ್ರಿಯೂ ಅದರಲ್ಲಿದೆ. ಕಸುಬಿನವರ ಕೈಯನ್ನು ಮನಸಾರೆ ಹೊಗಳಿದವನು. ಅದೇ ಪುಸ್ತಕದಲ್ಲಿ, ಚಿತ್ರ ಮತ್ತು ಶಿಲ್ಪ ಲಲಿತಕಲೆಗಳಾಗಿ ಭಾರತಕ್ಕೆ ಗೊತ್ತೇ ಇಲ್ಲ ಅಂತಲೂ ಬರೆದ. 1910ರಲ್ಲಿ ಲಂಡನ್ನಿನ ಒಂದು ಸಭೆಯಲ್ಲಿ ಜಾವಾದ ಬುದ್ಧನ ಮೂರ್ತಿಯ ಚಿತ್ರ ನೋಡಿ, ಕೊಬ್ಬು ಹಾಕಿ ಬೇಯಿಸಿದ ಪುಡ್ಡಿಂಗ್‌ಗೂ ಇದೇ ಶಾಂತಿ ಇರುತ್ತದೆ ಅಂತ ಅಂದ. ಅವನ ಕಣ್ಣು ಕೆಟ್ಟದ್ದಲ್ಲ ಸರ್, ಬಿದ್ರಿ ಬಳ್ಳಿಯನ್ನು ನೋಡಬಲ್ಲ ಕಣ್ಣು. ಬುದ್ಧನ ಮುಂದೆ ಅದನ್ನು ಕುರುಡು ಮಾಡಿದ್ದು ಓದಿದ ತತ್ವ.

ಆ ಗೆರೆ, ಇತ್ತ ಕಲೆ ಅತ್ತ ಕಸುಬು ಅನ್ನುವ ಗೆರೆ, ದೇವರು ಎಳೆದದ್ದಲ್ಲ. ಚಿತ್ರ, ಶಿಲ್ಪ, ಸಂಗೀತ, ಕಾವ್ಯ ಇವನ್ನೆಲ್ಲ ಒಂದು ಗುಂಪು ಮಾಡಿ 'ಲಲಿತಕಲೆ' ಅಂತ ಕರೆಯುವ ರೂಢಿ ಯುರೋಪಿನಲ್ಲೇ ಹದಿನೆಂಟನೇ ಶತಮಾನದ್ದು. ಫ್ರಾನ್ಸಿನ ಬಾತೊ 1746ರಲ್ಲಿ ಅದನ್ನು ಪುಸ್ತಕ ಮಾಡಿದ. ನಮ್ಮ ಅರವತ್ನಾಲ್ಕು ಕಲೆಗಳ ಪಟ್ಟಿಯಲ್ಲಿ ಹಾಡೂ ಇದೆ, ಹೂ ಕಟ್ಟೋದೂ ಇದೆ, ಅಡುಗೆಯೂ ಇದೆ. ಆದರೆ ಗೆರೆ ಈಗ ಇಲ್ಲೂ ಇದೆ. ಕೆಲವು ವರ್ಷದ ಹಿಂದೆ ದೊಡ್ಡ ಊರಿನ ಒಂದು ಪ್ರದರ್ಶನಕ್ಕೆ ಮಾಮೂ ಜೊತೆ ಹೋಗಿದ್ದೆ. ಒಳಗೆ ಹವಾನಿಯಂತ್ರಿತ ಹಾಲಿನಲ್ಲಿ ಚಿತ್ರಗಳು, ಪ್ರತಿ ಚಿತ್ರದ ಪಕ್ಕ ಕಲಾವಿದನ ಹೆಸರಿನ ಚೀಟಿ. ಹೊರಗೆ ಶಾಮಿಯಾನದ ಕೆಳಗೆ ನಮಗೆ ಒಂದು ಟೇಬಲ್, 'ಕರಕುಶಲ' ಅಂತ ಬ್ಯಾನರ್. ಹೆಸರು ಕೇಳಲಿಲ್ಲ, ಯಾರೋ 'ಒಂದು ಡಜನ್ ತಗೊಂಡ್ರೆ ಕಮ್ಮಿ ಮಾಡ್ತೀರಾ' ಅಂತ ಕೇಳಿದರು. ಒಳಗೆ ಯಾರಿಗೂ ಡಜನ್ ಲೆಕ್ಕ ಕೇಳಿರಲಿಕ್ಕಿಲ್ಲ ಅಲ್ವಾ? ಬಿದ್ರಿಗೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, 2023ರಲ್ಲಿ ನಮ್ಮೂರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಿದೆ, ಆ ದಿನ ನಮ್ಮ ಓಣಿಯಲ್ಲಿ ಸಿಹಿ ಹಂಚಿದ್ದೆವು. ಆದರೂ ಆ ಟೇಬಲ್ ಇನ್ನೂ ಶಾಮಿಯಾನದ ಕೆಳಗೇ ಇದೆ.

ರೀಗ್ಲ್ ಒಳ್ಳೆಯವನು, ಸರ್ ಪ್ರೀತಿಯಲ್ಲಿ ಮೋಸವಿಲ್ಲ. ಆದರೆ ಅವನ ಕಥೆಯಲ್ಲಿ ಬಳ್ಳಿ ಬೆಳೆಯುತ್ತದೆ, ಕಾಲ ಬಯಸುತ್ತದೆ, ಜನಾಂಗ ಹಂಬಲಿಸುತ್ತದೆ. ಕೂತು ಉಳಿ ಹಿಡಿದವನು ಎಲ್ಲಿ? ಸ್ವಿಸ್ ಕಲಾ ಇತಿಹಾಸಕಾರ ವೋಲ್ಫ್‌ಲಿನ್ ಅಂತೂ ಹೆಸರುಗಳೇ ಇಲ್ಲದ ಕಲಾ ಇತಿಹಾಸ ಬೇಕು ಅಂದ. ನಮಗೆ ಹೆಸರು ಇಲ್ಲದ ಇತಿಹಾಸ ಹೊಸದಲ್ಲಪ್ಪ, ನಮ್ಮ ಕಸುಬಿನವರಿಗೆ ಅದೊಂದೇ ಸಿಕ್ಕಿದ್ದು! ಒಂದು ಸಲ ಮಾಮೂ ಮಾಡಿದ ಡಬ್ಬಿಯ ಮುಚ್ಚಳದಲ್ಲಿ ಬಳ್ಳಿಯ ನಡುವೆ ಒಂಟಿ ಎಲೆ ಓರೆಯಾಗಿ ಬಂದಿತ್ತು. ತುಂಬ ಚಂದ ಇತ್ತು. ನಾನು ಕಾಲೇಜಿನಿಂದ ಕಲಿತು ಬಂದ ಹುರುಪಿನಲ್ಲಿ, ಇದು ಹಳೆಯ ನಮೂನೆಯಿಂದ ಬಿಡಿಸಿಕೊಳ್ಳುವ ಪ್ರಯತ್ನವಾ ಅಂತ ಕೇಳಿದೆ. 'ಇಲ್ಲ ಬೇಟಾ, ಅಲ್ಲಿ ಉಳಿ ಜಾರಿತು. ಎಲೆ ಹಾಕಿ ಮುಚ್ಚಿದೆ' ಅಂದರು. ಈಗ ಅವರು ಬೇಕಂತಲೇ ಅಲ್ಲೊಂದು ಓರೆ ಎಲೆ ಹಾಕುತ್ತಾರೆ. ಕಲೆ ಅನ್ನೋದೇನೂ ಇಲ್ಲ, ಇರುವವರು ಕಲಾವಿದರು ಮಾತ್ರ ಅಂತ ಕಲಾ ಇತಿಹಾಸಕಾರ ಗೊಂಬ್ರಿಕ್ 1950ರಲ್ಲಿ ತನ್ನ ಪುಸ್ತಕ ಶುರು ಮಾಡಿದ. ಅವನ ಈ ಒಂದು ಮಾತನ್ನು ನಾನು ಮಾಮೂನ ಎಲೆಗೆ ಅಂಟಿಸಬಲ್ಲೆ.

ಹೆಗೆಲ್‌ನ ಇನ್ನೊಂದು ಮಾತು ನನಗೆ ಮರೆಯೋದಿಲ್ಲ. ದೇವರ ಮೂರ್ತಿ, ಚಿತ್ರ ಎಷ್ಟೇ ಚೆನ್ನಾಗಿರಲಿ, ನಾವು ಅವುಗಳ ಮುಂದೆ ಮಂಡಿಯೂರುವುದಿಲ್ಲ ಅಂದ. 'ನಾವು' ಅಂದರೆ ಯಾರು? ಬೀದರಿನ ಝರಣಿ ನರಸಿಂಹನಿಗೆ ಜನ ಗವಿಯೊಳಗೆ ಎದೆಮಟ್ಟದ ನೀರಿನಲ್ಲಿ ನಡೆದು ಹೋಗುತ್ತಾರೆ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು. ಕಲಬುರಗಿಯಲ್ಲಿ ಹುಟ್ಟಿದ ಎಸ್.ಎಂ. ಪಂಡಿತರ ಕ್ಯಾಲೆಂಡರ್ ಚಿತ್ರಗಳ ಕಥೆಯೂ ಅದೇ. 1916ರಲ್ಲಿ ಹುಟ್ಟಿ, ಮುಂಬೈಯಲ್ಲಿ ಕಲಿತು, ಸಿನಿಮಾ ಪೋಸ್ಟರ್ ಬರೆದು, ಆಮೇಲೆ ಮನೆ ಮನೆಗೆ ದೇವರನ್ನು ಮುಟ್ಟಿಸಿದವರು. ನನ್ನ ಗೆಳತಿಯ ಮನೆಯಲ್ಲಿ ಅಂಥ ಒಂದು ಕ್ಯಾಲೆಂಡರ್ ಇತ್ತು. ವರ್ಷ ಮುಗಿದ ಮೇಲೆ ಅವರ ಅಜ್ಜಿ ತಾರೀಖಿನ ಭಾಗ ಕತ್ತರಿಸಿ ಎಸೆದು, ಚಿತ್ರಕ್ಕೆ ಕಟ್ಟು ಹಾಕಿಸಿ, ಕುಂಕುಮ ಇಟ್ಟರು. ಅಚ್ಚು ಹಾಕಿದ ಪ್ರತಿಯಲ್ಲಿ ಮೂಲದ ಪ್ರಭೆ ಉಳಿಯೋದಿಲ್ಲ, ಅದು ಪೂಜೆಯಿಂದ ದೂರ ಸರಿಯುತ್ತದೆ ಅಂತ ಜರ್ಮನ್ ಚಿಂತಕ ಬೆಂಜಮಿನ್ 1930ರ ದಶಕದಲ್ಲಿ ಬರೆದದ್ದನ್ನು ಸರ್ ಕ್ಲಾಸಿನಲ್ಲೇ ಓದಿದ್ದು. ಅಜ್ಜಿ ಅದನ್ನು ಓದಿರಲಿಲ್ಲ. ಕುಂಕುಮ ದಪ್ಪಗೆ ಮೆತ್ತಿತ್ತು.

ಅದೇ ಚಿತ್ರವನ್ನು ಆರ್ಟ್ ಕಾಲೇಜಿನ ಹುಡುಗರು 'ಕ್ಯಾಲೆಂಡರ್ ಆರ್ಟ್' ಅಂತ ನಗಾಡುತ್ತಾರೆ. ಆ ನಗು ಅವರದಲ್ಲ. ಅಮೆರಿಕದ ಕಲಾ ವಿಮರ್ಶಕ ಗ್ರೀನ್‌ಬರ್ಗ್ 1939ರಲ್ಲಿ ಪತ್ರಿಕೆಯ ಮುಖಪುಟ, ಜಾಹೀರಾತು, ಹಾಲಿವುಡ್ ಸಿನಿಮಾ ಎಲ್ಲವನ್ನೂ ಸೇರಿಸಿ ಅಗ್ಗದ ಸರಕು ಅಂತ ಹೇಳಿದ. ನಿಜವಾದ ಚಿತ್ರ ತನ್ನ ಚಪ್ಪಟೆ ಮೈಯನ್ನು ಒಪ್ಪಿಕೊಳ್ಳಬೇಕು ಅಂತ 1960ರಲ್ಲಿ ಹೇಳಿದ. ಪಂಡಿತರ ತುಂಬುಗೆನ್ನೆಯ ದೇವಿಯರು ಆ ಪರೀಕ್ಷೆಯಲ್ಲಿ ನಪಾಸು. ಆಮೇಲೆ ಅಮೆರಿಕದ ತತ್ವಜ್ಞಾನಿ ಡಾಂಟೊ ಬಂದು ಬಾಗಿಲು ತೆಗೆದ ಅಂತ ಸರ್ ಯಾವಾಗಲೂ ಹೇಳುತ್ತಾರೆ. 1964ರಲ್ಲಿ ನ್ಯೂಯಾರ್ಕಿನಲ್ಲಿ ವಾರ್ಹೋಲ್ ಅನ್ನುವ ಕಲಾವಿದ, ಪಾತ್ರೆ ಉಜ್ಜುವ ಸಾಬೂನು ತುಂಬಿದ ಉಕ್ಕಿನ ನಾರಿನ ಪೆಟ್ಟಿಗೆಯಂಥದ್ದೇ ಪೆಟ್ಟಿಗೆಗಳನ್ನು ಮರದಲ್ಲಿ ಮಾಡಿ ಪೇರಿಸಿಟ್ಟ. ಅಂಗಡಿ ಪೆಟ್ಟಿಗೆಗೂ ಇದಕ್ಕೂ ಕಣ್ಣಿಗೆ ವ್ಯತ್ಯಾಸವಿಲ್ಲ, ಇದನ್ನು ಕಲೆ ಮಾಡಿದ್ದು ಒಂದು ಸಿದ್ಧಾಂತ, ಒಂದು ಇತಿಹಾಸ ಅಂದ ಡಾಂಟೊ. ಸರಿ. ಆ ಅಂಗಡಿ ಪೆಟ್ಟಿಗೆಯ ಮೇಲಿನ ವಿನ್ಯಾಸ ಬರೆದವನು ಯಾರು ಗೊತ್ತಾ? ಜೇಮ್ಸ್ ಹಾರ್ವೆ, ಅವನೂ ಚಿತ್ರಕಾರನೇ, ಹೊಟ್ಟೆಪಾಡಿಗೆ ಪೆಟ್ಟಿಗೆ ಡಿಸೈನ್ ಮಾಡುತ್ತಿದ್ದ. ತತ್ವ ತೆಗೆದ ಬಾಗಿಲಿನಿಂದ ಒಳಗೆ ಹೋದವನು ವಾರ್ಹೋಲ್. ಹಾರ್ವೆ ನಮ್ಮ ಟೇಬಲ್ ಪಕ್ಕವೇ ನಿಂತಿದ್ದಾನೆ.

ಬಸವಣ್ಣನವರ ಮಾತು ತಂದಿದ್ದೀರಿ ಸರ್. 'ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ' ಅನ್ನುವ ಸಾಲನ್ನು ನೀವೇ ಕಲಿಸಿದ್ದು. ಆದರೆ ಅದನ್ನು ಮೆಟ್ಟಿಲು ಮಾಡಬೇಡಿ. ಹೆಗೆಲ್ ಪ್ರಕಾರ ಒಂದು ಸಲ ಕಲ್ಲಿನಿಂದ ಮಾತಿಗೆ ದಾಟಿದರೆ ಮತ್ತೆ ಕಲ್ಲಿಗೆ ಬರುವ ಹಾಗಿಲ್ಲ. ನಿಮ್ಮ ಕಲಬುರಗಿಯಲ್ಲೇ ಶರಣಬಸವೇಶ್ವರರಿಗೆ ಕಲ್ಲಿನ ಗುಡಿ ಇದೆ, ವರ್ಷಕ್ಕೊಮ್ಮೆ ತೇರು ಎಳೆಯುತ್ತಾರೆ, ವಚನವನ್ನೂ ಹಾಡುತ್ತಾರೆ. ಎರಡೂ ಒಟ್ಟಿಗೆ ನಡೆದಿವೆ, ಯಾವುದೂ ಯಾವುದನ್ನೂ ದಾಟಿಲ್ಲ. ತೇರಿಗೆ ಖಾರಿಕ್ (ಒಣ ಖರ್ಜೂರ) ಎಸೆಯುವವರನ್ನು ಕೇಳಿ ನೋಡಿ.

ಸನ್ನತಿಯ ಕಲ್ಲು ಪೀಠ 'ಮಾತ್ರ' ಆಗಿತ್ತು ಅಂದಿರಿ. ಆ 'ಮಾತ್ರ' ನನಗೆ ಚುಚ್ಚುತ್ತದೆ. ಶಾಸನ ಓದಿದ್ದು ದೊಡ್ಡ ಕೆಲಸ, ಇಲ್ಲ ಅನ್ನೋದಿಲ್ಲ. ಆದರೆ ಓದಿದವರು ಲಿಪಿ ಬಲ್ಲವರು, ಅವರಿಗೆ ಅಕ್ಷರ ಬೇಕಿತ್ತು, ಹೆಗೆಲ್ ಬೇಕಿರಲಿಲ್ಲ. ಲಿಪಿ ಕಲಿಯೋದಕ್ಕೂ ಕಲೆಗೆ ಏಣಿ ಕಟ್ಟೋದಕ್ಕೂ ವ್ಯತ್ಯಾಸ ಇದೆ. ಸನ್ನತಿ ಪಕ್ಕದ ಕನಗನಹಳ್ಳಿಯ ಸ್ತೂಪದ ಚಪ್ಪಡಿಯಲ್ಲಿ ರಾಣಿಯ ಜೊತೆ ನಿಂತ ಅಶೋಕನ ಚಿತ್ರಕ್ಕೆ 'ರಾಯೋ ಅಸೋಕೋ' ಅಂತ ಶಿಲ್ಪಿಯೇ ಹೆಸರು ಕೆತ್ತಿದ್ದಾನೆ. ನೋಡುವವರಿಗೆ ಬೇಕಾದಷ್ಟನ್ನು ಅವನೇ ಇಟ್ಟಿದ್ದಾನೆ.

ಕವಿರಾಜಮಾರ್ಗದ ಮಾತಿಗೆ ನಾನು ಕಾದೇ ಇದ್ದೆ. ಆ ಪುಸ್ತಕ ತನಗಿಂತ ಹಿಂದಿನ ಕವಿಗಳ ಹೆಸರು ಹೇಳುತ್ತದೆ. ಅಂದರೆ ಹಾಡು ಮೊದಲು ಬಂತು, ಲಕ್ಷಣ ಆಮೇಲೆ. ಅದರಲ್ಲೇ ಈ ನಾಡಿನ ಜನರನ್ನು 'ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್' ಅಂತ ಹೊಗಳಿದ್ದಾನೆ ಶ್ರೀವಿಜಯ. ಕೂತು ಓದದೆಯೂ ಕಾವ್ಯದಲ್ಲಿ ನುರಿತವರು ಅಂತ. ಕನ್ನಡದ ಮೊದಲ ತತ್ವಗಾರನೇ ತತ್ವ ಓದದವರಿಗೆ ಸರ್ಟಿಫಿಕೇಟ್ ಕೊಟ್ಟಿದ್ದಾನೆ. ಸರ್ ಆ ಸಾಲು ಬಿಟ್ಟಿದ್ದಾರೆ. ಮರೆತು ಬಿಟ್ಟರು ಅಂತ ನಂಬುತ್ತೇನೆ.

ಒಂದು ವಿಷಯ ನನ್ನ ವಾದಕ್ಕೆ ಅನುಕೂಲ ಇಲ್ಲ, ಆದರೂ ಬರೆಯದಿದ್ದರೆ ಸರ್ ಎಲ್ಲರ ಮುಂದೆ ಹೇಳಿಬಿಡುತ್ತಾರೆ. ಹೋದ ಚಳಿಗಾಲದಲ್ಲಿ ಅವರು ತಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಮಾಮೂನ ಕೋಣೆಗೆ ಬಂದಿದ್ದರು. ರೀಗ್ಲ್‌ನ ಪುಸ್ತಕದ ಕಮಲದ ಚಿತ್ರಗಳ ಜೆರಾಕ್ಸ್ ತೋರಿಸಿ ಅರ್ಧ ಗಂಟೆ ಮಾತಾಡಿದರು. ಮಾಮೂ ತಂತಿ ತಟ್ಟುವುದನ್ನು ನಿಲ್ಲಿಸಲಿಲ್ಲ, ತಲೆ ಎತ್ತಲೂ ಇಲ್ಲ. ನನಗೆ ಒಳಗೊಳಗೇ ಖುಷಿ. ಚಹಾ ಕುಡಿದು ಎಲ್ಲರೂ ಹೊರಡುವಾಗ ಮಾಮೂ, 'ಮೇಷ್ಟ್ರೇ, ಆ ಕಾಗದ ಇಲ್ಲೇ ಇಟ್ಟು ಹೋಗ್ರಿ' ಅಂದರು.

ಅದು ಈಗ ಅವರ ಗೋಡೆಯ ಮೇಲಿದೆ, ಗೋಂದು ಹಚ್ಚಿ ಅಂಟಿಸಿದ್ದಾರೆ. ತಲೆಕೆಳಗಾಗಿ. ಸುರಾಹಿಯಲ್ಲಿ ಬಳ್ಳಿ ಕುತ್ತಿಗೆಯಿಂದ ಕೆಳಗೆ ಇಳಿಯಬೇಕು, ಕಾಗದದಲ್ಲಿ ಅದು ಮೇಲಕ್ಕೆ ಹೋಗುತ್ತದೆ, ನೋಡಿ ಮಾಡಲು ಹೀಗೇ ಸುಲಭ ಅಂತೆ.